ಮರದ ಹಲಗೆಯಲ್ಲಿ ಕೆತ್ತಿದ ಕರಪತ್ರ

ಮುಂಡಗೋಡದವರು ‘ಟಿಬೆಟನ್ ಕಾಲೊನಿ’ ಎನ್ನುವ ನೆಲೆ 1966ರಲ್ಲಿ ಶುರುವಾಯಿತು. ಟಿಬೆಟ್ಟಿನ ಲಾಸಾ ಬಳಿ 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಮಠ, ಚೀನಾದ ಆಳ್ವಿಕೆಯ ವಿರುದ್ಧ 1959ರಲ್ಲಿ ನಡೆದ ದಂಗೆಯ ನಂತರ ದೇಶ ಬಿಟ್ಟ ಭಿಕ್ಷುಗಳಿಂದ ಇಲ್ಲಿ ಮತ್ತೆ ತಲೆಯೆತ್ತಿತು. ಮಠವೆಂದರೂ ಇದು ತರ್ಕ, ದರ್ಶನಗಳನ್ನು ವರ್ಷಗಟ್ಟಲೆ ಓದುವ ವಿದ್ಯಾಪೀಠವೇ.

ಲಾಸಾದ ಮೂಲ ಮಠದಲ್ಲಿದ್ದ ತರುಣ ಭಿಕ್ಷುಗಳು 1987ರ ಸೆಪ್ಟೆಂಬರ್ 27ರಂದು ಅದೇ ಆಳ್ವಿಕೆಯ ವಿರುದ್ಧ ಟಿಬೆಟ್ಟಿನ ಬಾವುಟ ಹಿಡಿದು ಬೀದಿಗಿಳಿದರು. ಮುಂದೆ ಕೆಲವರು ಗುಟ್ಟಾಗಿ ಕರಪತ್ರ ಅಚ್ಚು ಹಾಕತೊಡಗಿದರು. ಧರ್ಮಗ್ರಂಥ ಮುದ್ರಿಸುವ ಹಳೆಯ ವಿದ್ಯೆಯೇ ನೆರವಿಗೆ ಬಂತು: ಹಲಗೆಯ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೆತ್ತಬೇಕು, ಮಸಿ ಸವರಬೇಕು, ಕಾಗದ ಹಾಸಿ ಉಜ್ಜಬೇಕು. ಹೀಗೆ ಅಚ್ಚಾದದ್ದರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಟಿಬೆಟನ್ ಅನುವಾದವೂ ಇತ್ತು. ಪೂಜೆಯ ಪುಟ ಮೂಡಿಸುವ ಕೈಗಳೇ ಇದನ್ನೂ ಮೂಡಿಸಿದ್ದು ಗಮನಿಸಬೇಕಾದ ಸಂಗತಿ. ಇದಕ್ಕಾಗಿ 1989ರ ನವೆಂಬರ್‌ನಲ್ಲಿ ಹತ್ತು ಭಿಕ್ಷುಗಳಿಗೆ ಜೈಲಾಯಿತು; ಅತಿ ಹೆಚ್ಚಿನ ಶಿಕ್ಷೆ 19 ವರ್ಷ.

ಟಿಬೆಟ್ಟಿನೊಳಗೆ ನಿಷೇಧವಿರುವ ಆ ಬಾವುಟ ಇಲ್ಲಿ ಮುಂಡಗೋಡದಲ್ಲಿ ಮುಕ್ತವಾಗಿ ಹಾರುತ್ತದೆ. ಹತ್ತಿರದಿಂದ ನೋಡಿ: ಹಿಮಪರ್ವತ, ಎರಡು ಹಿಮಸಿಂಹ, ಸೂರ್ಯನಿಂದ ಹೊಮ್ಮುವ ಕೆಂಪು–ನೀಲಿ ಪಟ್ಟೆಗಳು ಹನ್ನೆರಡು. ಹಳದಿ ಅಂಚು ಮಾತ್ರ ಮೂರೇ ಬದಿಗೆ.