ಅಂತರ್ಯುದ್ಧದ ಬಕಲ್: ಅಸಲಿಯೋ ನಕಲಿಯೋ?

ಅಮೆರಿಕದ ಅಂತರ್ಯುದ್ಧ (1861-65) ಕಾಲದ ಸೈನಿಕರ ಬೆಲ್ಟ್ ಬಕಲ್‌ಗಳಿಗೆ ಹಳೆಯ ವಸ್ತು ಸಂಗ್ರಹಿಸುವವರಲ್ಲಿ ಒಳ್ಳೆಯ ಬೇಡಿಕೆ ಇದೆ. ಸೋತ ದಕ್ಷಿಣ ರಾಜ್ಯಗಳ ‘ಸಿಎಸ್’ ಅಕ್ಷರದ ಬಕಲ್‌ಗಳು ಉಳಿದಿರುವುದು ಕಡಿಮೆ. ಹಾಗಾಗಿ ಉತ್ತರದವರ ‘ಯುಎಸ್’ ಬಕಲ್‌ಗಿಂತ ಅವುಗಳ ಬೆಲೆ ಬಹಳ ಹೆಚ್ಚು, ನಕಲು ಮಾಡುವವರ ಕಣ್ಣೂ ಅವುಗಳ ಮೇಲೆಯೇ.

ಪರೀಕ್ಷೆ ಶುರುವಾಗಬೇಕಾದ್ದು ಬಕಲಿನ ಹಿಂಬದಿಯಿಂದ. ಉತ್ತರದ ಕಾಲಾಳುಗಳ ಮೊಟ್ಟೆಯಾಕಾರದ ‘ಯುಎಸ್’ ಬಕಲ್ ಪೂರ್ತಿ ಹಿತ್ತಾಳೆಯದಲ್ಲ. ತೆಳು ಹಿತ್ತಾಳೆ ತಗಡನ್ನು ಅಚ್ಚಿನಲ್ಲಿ ಒತ್ತಿ, ಹಿಂದಿನ ಗುಳಿಗೆ ಸೀಸ-ತವರದ ಮಿಶ್ರಣ ಸುರಿದು, ಅದರಲ್ಲೇ ಕೊಕ್ಕೆಗಳನ್ನು ಕೂರಿಸುತ್ತಿದ್ದರು. ಹಳೆಯ ಸೀಸ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮಣ್ಣಿನಲ್ಲಿ ಹೂತಿದ್ದರೆ ಬಿಳಿ ಪದರ ಕಟ್ಟಿರುತ್ತದೆ. ಸೀಸ ಫಳಫಳ ಹೊಳೆಯುತ್ತಿದ್ದರೆ ಅನುಮಾನ ಪಡಬೇಕು. ಕೊಕ್ಕೆಯ ಬುಡದಲ್ಲಿ ಮಾತ್ರ ಹೊಸ ಬೆಸುಗೆ ಕಂಡರೂ ಹಾಗೆಯೇ. ಏಕೆಂದರೆ ಮದ್ದುಗುಂಡಿನ ಚೀಲದ ಮೇಲಿನ ಬಿಲ್ಲೆಗೂ ಇದೇ ಮುಖವಿತ್ತು. ಅದರ ತಂತಿಯ ಬಳೆಗಳನ್ನು ಕಿತ್ತು, ಕೊಕ್ಕೆ ಹಚ್ಚಿ, ಬಕಲ್ ಎಂದು ಮಾರುವುದುಂಟು.

ಒತ್ತಿ ಮಾಡಿದ ಬಕಲಿನ ಅಕ್ಷರಗಳ ಅಂಚು ಚೂಪು. ಅದರಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಅಂಚು ಮೊಂಡಾಗಿ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಬೀಳುತ್ತವೆ. ಆದರೆ ದಕ್ಷಿಣದ ಹಲವು ಬಕಲ್‌ಗಳು ಮೊದಲೇ ಒರಟು ಎರಕದವು. ಅಲ್ಲಿ ಎರಕ ಎಂದ ಮಾತ್ರಕ್ಕೆ ನಕಲಿ ಎನ್ನಲಾಗದು. ಹದ್ದಿನ ಚಿತ್ರವಿರುವ 1851ರ ಮಾದರಿಯ ಕತ್ತಿಪಟ್ಟಿಯ ಬಕಲಿನಲ್ಲಿ ಇನ್ನೊಂದು ಗುರುತು ಸಿಗಬಹುದು: ಬಕಲಿಗೂ ಅದರ ಜೋಡಿ ಕೊಂಡಿಗೂ ಒಂದೇ ಸಂಖ್ಯೆ ಒತ್ತಿರುತ್ತಾರೆ.

ಮನೆಯಲ್ಲಿ ಹಳೆಯ ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ರೂಢಿ. ಬಕಲಿಗೆ ಅದು ಸಲ್ಲದು. ಕಿಲುಬಿನ ಜೊತೆ ವಯಸ್ಸಿನ ಸಾಕ್ಷಿಯೂ ತೊಳೆದು ಹೋಗುತ್ತದೆ.

ಜೊತೆಗೆ ಕೊಡುವ ಕಾಗದಪತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ‘ಟಿಫಾನಿ’ ಕಂಪನಿಯ ಹೆಸರು ಹೊತ್ತ 19ನೇ ಶತಮಾನದ ಬಕಲ್‌ಗಳೆಂದು ಸಾಕಷ್ಟು ಸರಕು ಮಾರುಕಟ್ಟೆಗೆ ಬಂತು. ಅವು ಅಸಲಿ ಎನ್ನಲು 1950ರಲ್ಲಿ ಪರ್ಸಿ ಸೀಬರ್ಟ್ ಎಂಬವರು ಬರೆದರೆನ್ನಲಾದ ಪುಸ್ತಕವನ್ನು ತೋರಿಸುತ್ತಿದ್ದರು. ಬಕಲಿನಂತೆ ಪುಸ್ತಕವೂ ಹುಸಿ. ಅಚ್ಚಾದದ್ದೇ ಎಷ್ಟೋ ವರ್ಷಗಳ ನಂತರ. ಸಂಶೋಧಕ ಜೆ. ಡಂಕನ್ ಕ್ಯಾಂಪ್‌ಬೆಲ್ 1973ರಲ್ಲಿ ಇದನ್ನು ಬಯಲು ಮಾಡಿ ಪುಸ್ತಕ ಬರೆದರು. ಆ ಹೊತ್ತಿಗೆ ಎಷ್ಟೋ ಮಂದಿ ದುಡ್ಡು ತೆತ್ತಾಗಿತ್ತು.