ಓಲೆಯ ಪೂಜೆಯೂ ಓಲೆಯ ಓದೂ



ಪೂರ್ವಿಕರಿಂದ ಬಂದ ಸಂಪತ್ತನ್ನು ಕಾಪಾಡುವದು ನಮ್ಮ ಧರ್ಮವೆಂದು ಎಲ್ಲರೂ ಹೇಳುತ್ತೇವೆ. ಆದರೆ ಕಾಪಾಡುವದೆಂದರೇನೆಂಬುದನ್ನು ವಿಚಾರಿಸುವವರು ವಿರಳ. ವಚನವಾಙ್ಮಯವು ನಮ್ಮ ಕೈಸೇರಿದ ಚರಿತ್ರೆಯಲ್ಲಿ ಇದಕ್ಕೆ ತಕ್ಕ ಉತ್ತರವಿರುವದು.

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ನುಡಿದ ವಚನಗಳನ್ನು 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದ ಮೊದಲುಗೊಂಡು, ವಿರಕ್ತರು ಬಹು ಪರಿಶ್ರಮದಿಂದ ಸಂಕಲಿಸಿದರು. ತರುವಾಯ ಅವು ಓಲೆಗರಿಯ ಕಟ್ಟುಗಳಾಗಿ ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಉಳಿದವು. ಕಟ್ಟನ್ನು ವಸ್ತ್ರದಲ್ಲಿ ಸುತ್ತಿ, ಜಗುಲಿಯ ಮೇಲಿರಿಸಿ, ವಿಭೂತಿ ಧರಿಸಿ, ಪುಷ್ಪವೇರಿಸಿ ಪೂಜಿಸುವ ಮನೆತನಗಳಿದ್ದವು. ಆ ಭಕ್ತಿಯು ಅಲ್ಪವಾದುದಲ್ಲ. ಅದಿಲ್ಲದಿದ್ದರೆ ಎಷ್ಟೋ ಕಟ್ಟುಗಳು ಒಲೆಯ ಪಾಲಾಗುತ್ತಿದ್ದವು. ಆದರೂ ಬಿಚ್ಚದ ಕಟ್ಟಿಗೆ ಹುಳು ಬೀಳುವದು. ಹೊರಗೆ ಪೂಜೆ ನಡೆದಿರಲು ಒಳಗೆ ಅಕ್ಷರಗಳು ಅಳಿಯುತ್ತಿದ್ದವು.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1904ರಲ್ಲಿ ವಿಜಾಪುರಕ್ಕೆ ಬಂದು ವಕೀಲಿ ನಡೆಸತೊಡಗಿದರು. ಆ ವೃತ್ತಿಯೊಂದನ್ನೇ ನಂಬಿದ್ದರೆ ಧನಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಅವರಾದರೋ ಊರೂರು ಅಲೆದು ಓಲೆಗಳನ್ನು ಸಂಗ್ರಹಿಸುವ ಕಾಯಕವನ್ನು ಕೈಕೊಂಡರು. ಅದು ಸುಲಭದ ಕೆಲಸವಲ್ಲ. ಓಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಎಡೆಯಿರುವದಿಲ್ಲ. ಕಬ್ಬಿಣದ ಕಂಟದಿಂದ ಕೊರೆದ ಸಾಲು ಒಂದೇ ಸಮನೆ ಸಾಗುವದು. ಅಂಚು ಮುರಿದಿರುವಲ್ಲಿ ಅರ್ಥವೂ ಮುರಿಯುವದು. ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ, ಪದಗಳನ್ನು ಬಿಡಿಸಿ, ಶುದ್ಧವಾಗಿ ಬರೆದುಕೊಂಡರೇ ಅಚ್ಚಿಗೆ ಅಣಿಯಾಗುವದು.

ಹೀಗೆ ಸಿದ್ಧವಾದ 'ವಚನಶಾಸ್ತ್ರಸಾರ'ದ ಪ್ರಥಮ ಭಾಗವು 1923ರಲ್ಲಿ ಪ್ರಕಟವಾಯಿತು. ಮುಂದಿನ ಗ್ರಂಥಗಳಿಗಾಗಿ ಅವರು ತಮ್ಮ ಮನೆಯನ್ನೇ ಮಾರಿ, 1925ರಲ್ಲಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. ಓದಬಲ್ಲವರಿಲ್ಲದೆ ಗ್ರಂಥವು ನಿಷ್ಫಲವಷ್ಟೆ! ಜಿಲ್ಲೆಯಲ್ಲಿ 1910ರಲ್ಲಿ ಆರಂಭವಾದ ಲಿಂಗಾಯತ ಶಿಕ್ಷಣಸಂಸ್ಥೆಯ ಸ್ಥಾಪನೆಯಲ್ಲಿಯೂ ಅವರೇ ಮುಂದಾಳಾಗಿದ್ದರು. 1964ರಲ್ಲಿ ಲಿಂಗೈಕ್ಯರಾಗುವ ವೇಳೆಗೆ ಜಗುಲಿಯ ವಚನವು ಪಾಠಶಾಲೆಯ ಬಾಲಕರ ಬಾಯಲ್ಲಿ ನೆಲಸಿದ್ದಿತು.

ಇದರಿಂದ ನಾವು ತಿಳಿಯತಕ್ಕುದೇನು? ಪರಂಪರೆಯು ಗೌರವದಿಂದ ಮಾತ್ರ ಬಾಳದು. ಯಾರಾದರೊಬ್ಬರು ಅದನ್ನು ತಮ್ಮ ನಿತ್ಯದ ದುಡಿಮೆಯನ್ನಾಗಿ ಮಾಡಿಕೊಂಡಾಗಲೇ ಬಾಳುವದು. ಶರಣರು ಕಾಯಕವೆಂದು ಕರೆದುದು ಇದನ್ನೇ. ಅದಕ್ಕೆ ಸಂಸಾರವನ್ನು ತೊರೆಯಬೇಕಾಗಿಲ್ಲ. ಹಳಕಟ್ಟಿಯವರು ಗೃಹಸ್ಥರಾಗಿದ್ದೇ ಇದನ್ನು ಸಾಧಿಸಿದರು. ಬಾಳಿಗೊಂದು ಗುರಿಯಿದ್ದರೆ ದಿನದ ಸಣ್ಣ ಶ್ರಮವೂ ವ್ಯರ್ಥವಾಗದು.

ಇಂದು ವಚನಗಳು ಮುದ್ರಿತವಾಗಿ ಎಲ್ಲರಿಗೂ ದೊರೆಯುತ್ತಿರುವವು. ಆದರೆ ಕಪಾಟಿನಲ್ಲಿ ತೆರೆಯದೆ ನಿಂತ ಪುಸ್ತಕವೂ ಬಿಚ್ಚದ ಓಲೆಕಟ್ಟಿಗೆ ಸಮಾನವೇ. ಈ ಮಹೋತ್ಸವದ ನೆನಪಿಗಾಗಿ ಪ್ರತಿಯೊಂದು ಮನೆಯಲ್ಲಿಯೂ ಪೂಜೆಯಾದ ಮೇಲೆ ಒಂದು ವಚನವನ್ನು ಓದಿ, ಮಕ್ಕಳಿಗೆ ಅದರ ಅರ್ಥವನ್ನು ತಿಳಿಸುವ ನಿಯಮವು ನಡೆದುಬರಲಿ. ಓಲೆಗೆ ಸಲ್ಲತಕ್ಕ ನಿಜವಾದ ಪೂಜೆಯು ಅದೇ.