ಇನ್ನೋವಾ ಡೀಸೆಲ್: ತಾಂತ್ರಿಕ ವಿವರ, ಚಾಲನಾ ಗುಣ ಮತ್ತು ಭಾರದ ಲೆಕ್ಕ

ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಕಾರ್ಖಾನೆಯಲ್ಲಿ 2005ರಿಂದ 2016ರವರೆಗೆ ತಯಾರಾದ ಮೊದಲ ತಲೆಮಾರಿನ ಇನ್ನೋವಾ, ಚಾಲಕನೂ ಸೇರಿ ಏಳು ಅಥವಾ ಎಂಟು ಮಂದಿಗೆ ಸ್ಥಳವಿರುವ ಪ್ರಯಾಣಿಕ ವ್ಯಾನ್. ಪೆಟ್ರೋಲ್ ಎಂಜಿನ್‌ನ ಮಾದರಿಯೂ ಮಾರಾಟಕ್ಕಿತ್ತಾದರೂ ರಸ್ತೆಗಳಲ್ಲಿ ಹೆಚ್ಚಾಗಿ ಕಂಡದ್ದು 2.5 ಲೀಟರ್ ಡೀಸೆಲ್ ಮಾದರಿಯೇ. ಕಚೇರಿ ಸಿಬ್ಬಂದಿಯ ಸಾಗಾಟ, ಧರ್ಮಸ್ಥಳ-ಸುಬ್ರಹ್ಮಣ್ಯ ಯಾತ್ರೆ, ಮದುವೆ ದಿಬ್ಬಣ, ವಿಮಾನ ನಿಲ್ದಾಣದ ಬಾಡಿಗೆ, ಸರ್ಕಾರಿ ಅಧಿಕಾರಿಗಳ ಪ್ರವಾಸ ಹೀಗೆ ನಾನಾ ಕೆಲಸಗಳಿಗೆ ಬಳಕೆಯಾದ ಈ ವಾಹನ ಇಂದು ಹಳೆಯ ವಾಹನಗಳ ಮಾರುಕಟ್ಟೆಯಲ್ಲಿ ಕೈ ಬದಲಾಗುತ್ತಿದೆ.

ಮಾಹಿತಿ ಪತ್ರದಲ್ಲಿ ಕಾಣುವ ಅಶ್ವಶಕ್ತಿಯ ಅಂಕಿಯನ್ನಷ್ಟೇ ನೋಡಿದರೆ ಇನ್ನೋವಾ ಸಾಧಾರಣ ವಾಹನ. ಅದರ ನಿಜವಾದ ಸಾಮರ್ಥ್ಯ ಇರುವುದು ಎಂಜಿನ್ ನಿಧಾನವಾಗಿ ತಿರುಗುವಾಗಲೇ ದೊರೆಯುವ ಎಳೆತದಲ್ಲಿ. ತುಂಬಿದ ವಾಹನವನ್ನೂ ಖಾಲಿ ವಾಹನದಂತೆ ಭಾಸವಾಗಿಸುವ ಈ ಗುಣವೇ ಅದರ ಜನಪ್ರಿಯತೆಗೆ ಕಾರಣ. ಚಾಲಕ ಎಚ್ಚರ ತಪ್ಪಲೂ ಅದೇ ಕಾರಣವಾಗಬಲ್ಲದು.

ಹಿನ್ನೆಲೆ

ಇಂಡೊನೇಷ್ಯಾದಲ್ಲಿ 1977ರಿಂದ ಮಾರಾಟದಲ್ಲಿದ್ದ ಕಿಜಾಂಗ್ ಎಂಬ ವಾಹನವೇ ಈ ವಂಶದ ಮೂಲ. ಆ ಭಾಷೆಯಲ್ಲಿ ಕಿಜಾಂಗ್ ಎಂದರೆ ಜಿಂಕೆಯ ಒಂದು ಜಾತಿ. ಅದರ ಭಾರತೀಯ ರೂಪವಾದ ಕ್ವಾಲಿಸ್ 2000ದ ಜನವರಿಯಲ್ಲಿ ಬಿಡುಗಡೆಯಾಯಿತು. ಬಿಡದಿ ಕಾರ್ಖಾನೆಯ ಮೊದಲ ವಾಹನವೂ ಅದೇ. ಅದರ 2.4 ಲೀಟರ್ ಡೀಸೆಲ್ ಎಂಜಿನ್‌ಗೆ ಟರ್ಬೊ ಇರಲಿಲ್ಲ. ಶಕ್ತಿ ಸುಮಾರು 75 ಅಶ್ವಶಕ್ತಿ, ಟಾರ್ಕ್ ಸುಮಾರು 150 ನ್ಯೂಟನ್ ಮೀಟರ್. ಹಿಂಬದಿಯಲ್ಲಿ ಲಾರಿಗಳಲ್ಲಿರುವಂತೆ ಪಟ್ಟಿ ಸ್ಪ್ರಿಂಗ್‌ಗಳಿದ್ದವು. ನೋಟಕ್ಕೆ ಹಳೆಯದೆನಿಸಿದರೂ ದೃಢತೆಗೆ ಹೆಸರಾದ ಕ್ವಾಲಿಸ್, ಬೆಂಗಳೂರಿನಲ್ಲಿ ಆಗ ಬೆಳೆಯುತ್ತಿದ್ದ ಕಾಲ್ ಸೆಂಟರ್ ಮತ್ತು ಸಾಫ್ಟ್‌ವೇರ್ ಕಂಪನಿಗಳ ರಾತ್ರಿ ಪಾಳಿಯ ವಾಹನವಾಗಿ ಮನೆಮಾತಾಯಿತು.

ಬೇಡಿಕೆ ಕುಗ್ಗುವ ಮೊದಲೇ ಕ್ವಾಲಿಸ್ ತಯಾರಿಕೆಯನ್ನು ನಿಲ್ಲಿಸಿದ ಕಂಪನಿ, 2005ರ ಫೆಬ್ರುವರಿಯಲ್ಲಿ ಇನ್ನೋವಾವನ್ನು ಹೊರತಂದಿತು. ಹೈಲಕ್ಸ್ ಮತ್ತು ಫಾರ್ಚುನರ್ ವಾಹನಗಳೊಂದಿಗೆ ಮೂಲ ವೇದಿಕೆಯನ್ನು ಹಂಚಿಕೊಂಡ ಇನ್ನೋವಾ, ಹಲವು ದೇಶಗಳ ಮಾರುಕಟ್ಟೆಗೆಂದು ರೂಪುಗೊಂಡಿತ್ತು. ಹೀಗಾಗಿ ಹೊರಗೆ ಕಾರಿನ ನಯವಾದ ಮೈಕಟ್ಟು, ಒಳಗೆ ಸರಕು ವಾಹನದ ಎಲುಬು ಎಂಬ ಜೋಡಣೆ ಅದಕ್ಕೆ ಒದಗಿತು.

ಮುಖ್ಯ ತಾಂತ್ರಿಕ ವಿವರ (2.5 ಡೀಸೆಲ್)

ಎಂಜಿನ್: ನಾಲ್ಕು ಸಿಲಿಂಡರ್, 2,494 ಸಿಸಿ, ಕಾಮನ್ ರೈಲ್ ಇಂಧನ ವ್ಯವಸ್ಥೆ, ಟರ್ಬೊ
ಗರಿಷ್ಠ ಶಕ್ತಿ: 102 ಅಶ್ವಶಕ್ತಿ, ನಿಮಿಷಕ್ಕೆ 3,600 ಸುತ್ತುಗಳಲ್ಲಿ
ಗರಿಷ್ಠ ಟಾರ್ಕ್: 200 ನ್ಯೂಟನ್ ಮೀಟರ್, ನಿಮಿಷಕ್ಕೆ 1,400ರಿಂದ 3,400 ಸುತ್ತುಗಳವರೆಗೆ
ಗೇರ್: ಐದು, ಕೈಚಾಲಿತ, ಹಿಂಬದಿ ಚಕ್ರಗಳಿಗೆ ಚಾಲನೆ
ಚಾಸಿ: ಏಣಿಯಾಕಾರದ ಉಕ್ಕಿನ ಚೌಕಟ್ಟು
ಚಕ್ರಾಂತರ: 2,750 ಮಿ.ಮೀ.
ಉದ್ದ: ಸುಮಾರು 4.55 ಮೀಟರ್
ತಿರುವಿನ ತ್ರಿಜ್ಯ: 5.4 ಮೀಟರ್
ಬ್ರೇಕ್: ಮುಂದೆ ಡಿಸ್ಕ್, ಹಿಂದೆ ಡ್ರಮ್
ಇಂಧನ ಟ್ಯಾಂಕ್: 55 ಲೀಟರ್

1,400 ಎಂಬ ಅಂಕಿಯ ಮಹತ್ವ

ಚಕ್ರವನ್ನು ತಿರುಗಿಸುವ ಬಲವೇ ಟಾರ್ಕ್. ಆ ಬಲವನ್ನು ಎಷ್ಟು ವೇಗವಾಗಿ ಒದಗಿಸಲು ಸಾಧ್ಯ ಎಂಬುದನ್ನು ಅಶ್ವಶಕ್ತಿ ಹೇಳುತ್ತದೆ. ಕ್ವಾಲಿಸ್‌ನ ಎಂಜಿನ್ ತನ್ನ ಪೂರ್ಣ ಟಾರ್ಕ್ ನೀಡಲು 2,400 ಸುತ್ತುಗಳ ಆಸುಪಾಸಿಗೆ ಏರಬೇಕಿತ್ತು. ಇನ್ನೋವಾದಲ್ಲಿ ಅದಕ್ಕಿಂತ ಮೂರನೇ ಒಂದರಷ್ಟು ಹೆಚ್ಚಿನ ಟಾರ್ಕ್ 1,400 ಸುತ್ತುಗಳಲ್ಲೇ ಸಿಗುತ್ತದೆ. ಅಷ್ಟೇ ಅಲ್ಲ, 3,400 ಸುತ್ತುಗಳವರೆಗೆ ಅದು ಇಳಿಯದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಲೆಕ್ಕ ಹಾಕಿದರೆ 1,400 ಸುತ್ತುಗಳಲ್ಲಿ ದೊರೆಯುವ ಶಕ್ತಿ ಸುಮಾರು 40 ಅಶ್ವಶಕ್ತಿ.

ಇದರ ಪರಿಣಾಮ ದೈನಂದಿನ ಚಾಲನೆಯಲ್ಲಿ ಎದ್ದು ಕಾಣುತ್ತದೆ. ರಸ್ತೆಯ ಉಬ್ಬು ದಾಟಿದ ಮೇಲೆ ಎರಡನೇ ಗೇರ್‌ನಲ್ಲೇ ವಾಹನ ಮುಂದೆ ಸಾಗುತ್ತದೆ. ನಗರದ ದಟ್ಟಣೆಯಲ್ಲಿ ಪದೇ ಪದೇ ಗೇರ್ ಬದಲಿಸುವ ಶ್ರಮ ತಗ್ಗುತ್ತದೆ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಏರಿನಲ್ಲಿ ಲಾರಿಯ ಹಿಂದೆ ನಿಧಾನವಾಗಿ ತೆವಳಬೇಕಾದಾಗಲೂ ಎಂಜಿನ್ ಏದುಸಿರು ಬಿಡುವುದಿಲ್ಲ. ಆದರೆ 3,500 ಸುತ್ತು ದಾಟಿದ ಮೇಲೆ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಸದ್ದು ಏರುತ್ತದೆಯೇ ಹೊರತು ವೇಗ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ದ್ವಿಮುಖ ಸಂಚಾರದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿರುವಾಗ ಮುಂದಿನ ವಾಹನವನ್ನು ಹಿಂದಿಕ್ಕಲು ಗೇರ್ ಇಳಿಸುವುದು ಮಾತ್ರವಲ್ಲ, ಎದುರಿನ ರಸ್ತೆ ಸಾಕಷ್ಟು ದೂರ ತೆರವಾಗಿರುವುದೂ ಅಗತ್ಯ.

ಭಾರ ಮತ್ತು ಹಿಂಬದಿ ಚಾಲನೆ

ಖಾಲಿ ಇನ್ನೋವಾದ ತೂಕ ಸುಮಾರು 1,600 ಕಿ.ಗ್ರಾಂ. ಸರಾಸರಿ 65 ಕಿ.ಗ್ರಾಂ. ತೂಗುವ ಎಂಟು ಮಂದಿ ಹಾಗೂ 80 ಕಿ.ಗ್ರಾಂ. ಸಾಮಾನು ಸೇರಿದರೆ ಹೊರೆ 600 ಕಿ.ಗ್ರಾಂ. ಆಗುತ್ತದೆ. ಅಂದರೆ ವಾಹನದ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಭಾರ ಅದರ ಮೇಲೆ ಬೀಳುತ್ತದೆ. ಈ ಹೊರೆಯ ಬಹುಪಾಲು ಹಿಂದಿನ ಚಕ್ರಗಳ ಮೇಲೆ ಕೂರುತ್ತದೆ. ಏರಿನಲ್ಲಿ ಅದು ಮತ್ತಷ್ಟು ಹಿಂದಕ್ಕೆ ವಾಲುತ್ತದೆ. ವಾಹನವನ್ನು ತಳ್ಳುವ ಚಕ್ರಗಳೂ ಅವೇ ಆದ್ದರಿಂದ, ಭಾರ ಹೆಚ್ಚಿದಷ್ಟೂ ಅವುಗಳ ಹಿಡಿತ ಬಿಗಿಯಾಗುತ್ತದೆ. ಮುಂಬದಿ ಚಾಲನೆಯ ವಾಹನದಲ್ಲಿ ಇಂತಹ ಏರಿನಲ್ಲಿ ಚಾಲಕ ಚಕ್ರಗಳೇ ಹಗುರಾಗುತ್ತವೆ. ಮಳೆಗಾಲದ ಮಲೆನಾಡಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಅನುಭವಕ್ಕೆ ಬರುತ್ತದೆ.

ಏಣಿಯಾಕಾರದ ಚಾಸಿ ಹೊಂಡ-ಗುಂಡಿಗಳ ಹೊಡೆತವನ್ನು ತಾಳಿಕೊಳ್ಳುತ್ತದೆ. ಕ್ವಾಲಿಸ್‌ನ ಪಟ್ಟಿ ಸ್ಪ್ರಿಂಗ್‌ಗಳ ಬದಲಿಗೆ ಇನ್ನೋವಾದ ಹಿಂಬದಿಗೆ ಸುರುಳಿ ಸ್ಪ್ರಿಂಗ್‌ಗಳನ್ನು ಅಳವಡಿಸಿದ್ದರಿಂದ ಎರಡನೇ ಸಾಲಿನ ಪ್ರಯಾಣ ಗಣನೀಯವಾಗಿ ಸುಧಾರಿಸಿತು. ಆದರೂ ಹೊರೆಗೆ ತಕ್ಕಂತೆ ರೂಪುಗೊಂಡ ಈ ವ್ಯವಸ್ಥೆ, ಇಬ್ಬರೇ ಕುಳಿತಾಗ ಹಿಂದಿನಿಂದ ಎತ್ತಿ ಹಾಕುವುದುಂಟು. ನಾಲ್ಕೈದು ಮಂದಿ ಹತ್ತಿದ ಮೇಲೆ ವಾಹನ ಸಮಾಧಾನಕ್ಕೆ ಬರುತ್ತದೆ.

ಕ್ಲಚ್ ಸಣ್ಣ ಕಾರುಗಳಷ್ಟು ಹಗುರವಲ್ಲ. ಗೇರ್ ಸನ್ನೆಯ ಚಲನೆ ದೀರ್ಘ. ನಿಂತಲ್ಲಿ ಎಂಜಿನ್‌ನ ಕಂಪನ ಕ್ಯಾಬಿನ್‌ಗೆ ತಿಳಿಯುತ್ತದೆ. ಹೆದ್ದಾರಿ ಸೇರಿದ ಮೇಲೆ ಅದು ಹಿನ್ನೆಲೆಗೆ ಸರಿಯುತ್ತದೆ. ಈ ಗಾತ್ರದ ವಾಹನಕ್ಕೆ 5.4 ಮೀಟರ್ ತಿರುವು ತ್ರಿಜ್ಯ ಅನುಕೂಲಕರವೇ. ಕಂಪನಿ ಹೇಳಿದ್ದ ಇಂಧನ ಕ್ಷಮತೆ ಲೀಟರಿಗೆ ಸುಮಾರು 13 ಕಿ.ಮೀ.; ನಗರದಲ್ಲಿ ಇದು ಸಹಜವಾಗಿಯೇ ಕಡಿಮೆಯಾಗುತ್ತದೆ.

ಇಳಿಜಾರಿನ ಪರೀಕ್ಷೆ

ಎಂಜಿನ್ ಭಾರವನ್ನು ಮರೆಸಬಹುದು, ಬ್ರೇಕ್ ಮರೆಯಲಾರದು. ತುಂಬಿದ ವಾಹನವನ್ನು ನಿಲ್ಲಿಸಲು ಬ್ರೇಕ್‌ಗಳು ಖಾಲಿ ವಾಹನಕ್ಕಿಂತ ಮೂರನೇ ಒಂದರಷ್ಟು ಹೆಚ್ಚಿನ ಶಾಖವನ್ನು ನುಂಗಬೇಕು. ವೇಗ ಗಂಟೆಗೆ 60ರಿಂದ 80 ಕಿ.ಮೀ.ಗೆ ಏರಿದರೆ ಅದರೊಳಗಿನ ಚಲನಶಕ್ತಿ ಮುಕ್ಕಾಲು ಪಾಲಿಗೂ ಮಿಕ್ಕಿ ಹೆಚ್ಚುತ್ತದೆ. ಹೊರೆಗೆ ಅನುಗುಣವಾಗಿ ಹಿಂದಿನ ಬ್ರೇಕ್‌ನ ಒತ್ತಡವನ್ನು ಹೊಂದಿಸುವ ಕವಾಟ ಇನ್ನೋವಾದಲ್ಲಿದೆ. ಆದರೆ ಆರಂಭದ ವರ್ಷಗಳ ಕೆಳ ಶ್ರೇಣಿಯ ಮಾದರಿಗಳಲ್ಲಿ ಎಬಿಎಸ್ ಆಗಲಿ, ಏರ್‌ಬ್ಯಾಗ್ ಆಗಲಿ ಇರಲಿಲ್ಲ. ಬಾಡಿಗೆಗೆ ಹೆಚ್ಚಾಗಿ ಬಳಕೆಯಾದದ್ದು ಇಂತಹ ಅಗ್ಗದ ಮಾದರಿಗಳೇ ಎಂಬುದು ಗಮನಾರ್ಹ.

ಆಗುಂಬೆಯಂತಹ ಘಾಟಿಯನ್ನು ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಸಾಗುವುದು ಅಪಾಯಕಾರಿ. ನಿರಂತರ ಒತ್ತಿದ ಬ್ರೇಕ್ ಕಾದು, ಬೇಕಾದ ಹೊತ್ತಿಗೆ ಹಿಡಿತ ಕಳೆದುಕೊಳ್ಳುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರ್‌ಗೆ ಇಳಿಸಿ ಎಂಜಿನ್‌ನಿಂದಲೇ ವೇಗ ತಡೆದು, ಬ್ರೇಕನ್ನು ತಿರುವುಗಳಿಗೆ ಉಳಿಸಿಕೊಳ್ಳುವುದು ಸರಿಯಾದ ಕ್ರಮ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸ ಈ ರಕ್ಷಣೆಯನ್ನೇ ಕಳಚಿಹಾಕುತ್ತದೆ. ಅದರಿಂದ ಡೀಸೆಲ್ ಉಳಿಯುವುದೂ ಇಲ್ಲ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂತಹ ಎಂಜಿನ್‌ಗೆ ಇಂಧನದ ಪೂರೈಕೆ ನಿಲ್ಲುತ್ತದೆ.

ಮೂರೂ ಸಾಲು ಭರ್ತಿಯಾದಾಗ ಹಿಂದೆ ಸಾಮಾನಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಆಗ ಪೆಟ್ಟಿಗೆ-ಚೀಲಗಳು ಚಾವಣಿಯ ಕ್ಯಾರಿಯರ್ ಏರುತ್ತವೆ. ಮೊದಲೇ ಎತ್ತರವಾಗಿರುವ ವಾಹನದ ತಲೆಯ ಮೇಲೆ ಭಾರ ಹೇರಿದರೆ ತಿರುವಿನಲ್ಲಿ ಅದು ಪಕ್ಕಕ್ಕೆ ವಾಲುವುದು ಹೆಚ್ಚುತ್ತದೆ. ಹೊಸ ಪಯಣಿಗರಿಗೆ ಘಾಟಿಯಲ್ಲಿ ವಾಕರಿಕೆ ಬರಲು ಈ ಓಲಾಟವೂ ಒಂದು ಕಾರಣ. ಎಲ್ಲ ಸಾಲುಗಳಲ್ಲೂ ಸೀಟ್ ಬೆಲ್ಟ್ ಧರಿಸುವುದು, ಭಾರವಾದ ಸಾಮಾನನ್ನು ಕೆಳಗಿಡುವುದು ಮತ್ತು ಪೂರ್ಣ ಹೊರೆಗೆ ಸೂಚಿಸಿದ ಗಾಳಿಯ ಒತ್ತಡವನ್ನು ಟೈರ್‌ಗಳಲ್ಲಿ ಕಾಯ್ದುಕೊಳ್ಳುವುದು ಖರ್ಚಿಲ್ಲದ ಮುನ್ನೆಚ್ಚರಿಕೆಗಳು.

ಕ್ರಿಸ್ಟಾ ಮತ್ತು ಅನಂತರ

2016ರ ಮೇ ತಿಂಗಳಲ್ಲಿ ಬಂದ ಇನ್ನೋವಾ ಕ್ರಿಸ್ಟಾ ಚಾಸಿ, ಹಿಂಬದಿ ಚಾಲನೆ ಮತ್ತು 2,750 ಮಿ.ಮೀ. ಚಕ್ರಾಂತರವನ್ನು ಉಳಿಸಿಕೊಂಡು ಎಂಜಿನ್ ಬದಲಿಸಿತು. 2.4 ಲೀಟರ್ ಡೀಸೆಲ್‌ನ ಶಕ್ತಿ 150 ಅಶ್ವಶಕ್ತಿಗೆ, ಟಾರ್ಕ್ 343 ನ್ಯೂಟನ್ ಮೀಟರ್‌ಗೆ ಏರಿತು. ಎಬಿಎಸ್ ಮತ್ತು ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ದೊರೆತವು. ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ 2,000 ಸಿಸಿ ಹಾಗೂ ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿಗೆ ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ ತಡೆ ನೀಡಿತ್ತು, ಶೇ. 1ರಷ್ಟು ಪರಿಸರ ಶುಲ್ಕದೊಂದಿಗೆ 2016ರ ಆಗಸ್ಟ್‌ನಲ್ಲಿ ಅದು ತೆರವಾಯಿತು. ಡೀಸೆಲ್ ಹೊಗೆ ನಗರಗಳ ಗಾಳಿಗೆ ತರುವ ಹಾನಿಯ ಪ್ರಶ್ನೆ ಅಲ್ಲಿಂದ ಈ ವರ್ಗದ ವಾಹನಗಳನ್ನು ಬಿಡದೆ ಹಿಂಬಾಲಿಸಿದೆ. 2022ರ ನವೆಂಬರ್‌ನಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲ, ಪ್ರತ್ಯೇಕ ಚಾಸಿಯಿಲ್ಲ, ಚಾಲನೆ ಮುಂಬದಿ ಚಕ್ರಗಳಿಗೆ. ಹಾಗಿದ್ದೂ 2023ರಲ್ಲಿ ಕೈಚಾಲಿತ ಗೇರ್‌ನ ಡೀಸೆಲ್ ಕ್ರಿಸ್ಟಾವನ್ನು ಕಂಪನಿ ಮತ್ತೆ ಮಾರುಕಟ್ಟೆಗೆ ತಂದಿತು.

ಹಳೆಯ ವಾಹನ ಕೊಳ್ಳುವವರಿಗೆ

ಮೊದಲ ತಲೆಮಾರಿನ ಇನ್ನೋವಾ ಕೊಳ್ಳುವವರು ಮೀಟರ್ ತೋರುವ ಕಿಲೋಮೀಟರ್‌ಗಿಂತ ಸರ್ವಿಸ್ ದಾಖಲೆಯನ್ನು ನಂಬುವುದು ಲೇಸು. ಈ ಎಂಜಿನ್‌ನಲ್ಲಿರುವುದು ಟೈಮಿಂಗ್ ಚೈನ್ ಅಲ್ಲ, ಬೆಲ್ಟ್. ನಿಗದಿತ ಅವಧಿಗೆ ಅದನ್ನು ಬದಲಿಸದೆ ಅದು ತುಂಡಾದರೆ ಎಂಜಿನ್ನೇ ಹಾಳಾಗಬಹುದು. ಭಾರ ಎಳೆಯುವಾಗ ಕಪ್ಪು ಹೊಗೆ, ಟರ್ಬೊದಿಂದ ಶಿಳ್ಳೆಯಂತಹ ಸದ್ದು, ಕ್ಲಚ್ ಜಾರುವಿಕೆ, ಚಾಸಿಯ ತಳದಲ್ಲಿ ತುಕ್ಕು ಇವುಗಳನ್ನು ಪರಿಶೀಲಿಸಬೇಕು. ದೀರ್ಘ ಏರಿನ ನಂತರ ಎಂಜಿನನ್ನು ಒಂದೆರಡು ನಿಮಿಷ ನಿಧಾನಗತಿಯಲ್ಲಿ ಬಿಟ್ಟು ಆರಿಸುವುದು ಟರ್ಬೊದ ಆಯುಸ್ಸಿಗೆ ಒಳಿತು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ, ಅರ್ಹತಾ ಪರೀಕ್ಷೆ ಮತ್ತು ಹಸಿರು ತೆರಿಗೆಯ ಖರ್ಚನ್ನೂ ಬೆಲೆಯ ಜೊತೆ ಲೆಕ್ಕಕ್ಕೆ ಸೇರಿಸಬೇಕು.

ಪರೀಕ್ಷಾ ಚಾಲನೆಗೆ ಮಾಲೀಕರೊಬ್ಬರನ್ನೇ ಕೂರಿಸಿಕೊಂಡು ಹೋಗುವುದು ವಾಡಿಕೆ. ಸಾಧ್ಯವಾದರೆ ಐದಾರು ಮಂದಿಯನ್ನು ಹತ್ತಿಸಿಕೊಂಡು ಒಂದು ಏರು, ಒಂದು ಇಳಿಜಾರು ನೋಡುವುದು ಮೇಲು. ಏರಿನಲ್ಲಿ ಎಂಜಿನ್‌ನ ಸ್ಥಿತಿ ತಿಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್‌ನ ಸ್ಥಿತಿ ತಿಳಿಯುತ್ತದೆ.